ಮಜ್ಜಿಗೆ ಒಂದ್ ಬುಟ್ಟು ಬ್ಯಾರೆ ಏನಾರ ಕೇಳಿ, ಅತ್ತೆ

...ಅಯ್ಯೋ, ಅಗೀಬ್ಯಾಡಿ ಅತ್ತೆ, ನುಂಗಿ! ಮುದ್ದೆ ಅಗ್ಯೋದುಂಟಾ? ಏನು... ಗಂಟಾ? ಗಂಟಲ್ಲ ಅದು. ಕುಕ್ಕರಲ್ಲಿ ಮಾಡ್ದೆ ನೋಡಿ, ಕೋಲು ಹಿಡ್ದು ತಿರ್ವೋ ಕೆಲ್ಸಾನೇ ಇಲ್ಲ. ನೀರು, ಹಿಟ್ಟು, ಮುಚ್ಚಳ, ಮೂರು ವಿಷಲ್ಲು. ಮುಗೀತು! ಅಲ್ಲೊಂದು ಇಲ್ಲೊಂದು ಗಂಟು ಬಂದ್ರೆ ಬರ್ಲಿ ಬುಡಿ, ಬಾಯಿಗೂ ಒಸಿ ಕೆಲ್ಸ ಬ್ಯಾಡ್ವಾ?

ನಗ್ತೀರಲ್ಲ... ಯಾಕ್ ನಗ್ತೀರಿ? ನಿಮ್ಮಳಿಯ ಬಾಲರಾಜು ಒಲೆ ಮುಂದೆ ನಿಂತಿದ್ದ ಅಂದ್ರೆ ನಂಬ್ಕೆ ಬರಲ್ವಾ? ನಂಗೇ ಬಂದಿರ್ನಿಲ್ಲ ಮೊದ್ಲು. ನಿಮ್ಮಗ್ಳು ಭಾನು ಬಾಣಂತನಕ್ಕೆ ಅಂತ ನಿಮ್ಮ ಕುದೂರಿಗೆ ಹೋಗಿ ಐದ್ ತಿಂಗಳಾಯ್ತು. ಐದ್ ತಿಂಗಳು ಹೋಟ್ಲೂಟ ಉಣ್ಣಕ್ಕಾಯ್ತದಾ? ಹೋಟ್ಲು ಇರೋದು ಚನ್ನಪಟ್ಣದಲ್ಲಿ. ಅಲ್ಲಿಗಂಟ ಹೋಗ್ಬೇಕಲ್ಲ! ಅದ್ಕಿಂತ ಅಡುಗೇನೇ ವಾಸಿ ಅನ್ನುಸ್ತು.

ಸಾರು ಹಾಕ್ಕಳಿ, ಹಾಕ್ಕಳಿ. ಇದೇ ನೋಡಿ ಉಪ್ಸಾರು. ಒಂದೇ ಪಾತ್ರೆ ಅತ್ತೆ. ಅವರೆಕಾಳು, ದಂಟಿನ ಸೊಪ್ಪು, ಉಪ್ಪು. ಬೇಯ್ಸಿ ಬಸುದ್ರೆ ನೀರೆಲ್ಲ ಸಾರು, ಉಳ್ದಿದ್ದೆಲ್ಲ ಪಲ್ಯ. ಮೇಲೆ ಒಸಿ ಖಾರ. ಸೋಮಾರಿಗಳಿಗೆ ಅಂತ್ಲೇ ದೇವ್ರು ಕೂತು ಯೋಚ್ನೆ ಮಾಡಿ ಕಂಡಿಡ್ದಿರೋ ಅಡುಗೆ ಇದು. ಎಣ್ಣೆ ಇಲ್ಲ, ತುಪ್ಪ ಇಲ್ಲ, ಹಾಲಿಲ್ಲ, ಮೊಸ್ರಿಲ್ಲ... ಹಿಂಗೆ ಉಣ್ಣೋರ್ಗೆ ಈಗ ಏನಂತಾರೆ ಗೊತ್ತಾ? ವೀಗನ್! ನಮ್ಮಜ್ಜಿ ಎಂಬತ್ತು ವರ್ಸ ಇದನ್ನೇ ಉಂಡ್ಳು. ಪಾಪ, ತಾನು ವೀಗನ್ ಅಂತ ಗೊತ್ತಿಲ್ದಂಗೇ ಹೋಗ್ಬುಟ್ಳು.

ನಾನೆಲ್ಲಿ ಕಲ್ತೆ ಅಂತಾನಾ? ಮೊಬೈಲಲ್ಲಿ. ಮಹ್ವಿಶ್ ಅಂತ ಒಬ್ರು ಚನ್ನಪಟ್ಣದೋರೇ, ಸೋಮಾರಿ ಅಡುಗೆ ಅಂತ ತೋರುಸ್ತಾರೆ. ಮಲ್ಗಿದ್ದಂಗೇ ನೋಡ್ಬೋದು. ಆವಮ್ಮ ಹೇಳೋದು ಒಂದೇ ಮಾತು, ಹಾಲು ಅನ್ನೋದು ಕರೂಂದು ಅಂತ. ನಾವ್ಯಾರು ಕುಡ್ಯಕ್ಕೆ? ನ್ಯಾಯವಾ ಹೇಳಿ? ಕೇಳಿ ಕೇಳಿ ನನ್ ಕರುಳು ಕಿತ್ತು ಬಂದಂಗಾಯ್ತು...

ಹಂಗ್ ನೋಡ್ಬ್ಯಾಡಿ ಅತ್ತೆ. ಪಾಪೂಗಾ? ಪಾಪು ವೀಗನ್ ಅಲ್ಲ! ಪಾಪೂಗೆ ಬಲವಂತ ಇಲ್ಲ. ದೊಡ್ಡೋಳಾದ್ಮೇಲೆ ಅವ್ಳೇ ತೀರ್ಮಾನ ಮಾಡ್ಕಳ್ಳಲಿ.

ಆ... ಕೈ ಯಾಕ್ ನಿಲ್ಲುಸ್ಬುಟ್ರಿ? ಅನ್ನದ ಮಧ್ಯ ಗುಣಿ ಬ್ಯಾರೆ ಮಾಡ್ಕಂಡಿದ್ದೀರಿ... ಸಾರಿಗಾ? ತಗಳಿ, ಇನ್ನೊಂದ್ ಸೌಟು... ಸಾರು ಬ್ಯಾಡ್ವಾ? ಮತ್ತೆ... ಮಜ್ಜಿಗೇಗಾ?

ಮಜ್ಜಿಗೆ.

ಐತೆ ಐತೆ! ಇಲ್ಲ ಅಂದ್ನಾ? ತಗಳಿ, ಈ ಲೋಟದಲ್ಲೈತೆ ನೋಡಿ. ಬೆಳ್ಳಗೈತಾ ಇಲ್ವಾ? ಕಡ್ಲೆಬೀಜ ನೆನಾಕಿ, ರುಬ್ಬಿ, ಬಟ್ಟೇಲಿ ಹಿಂಡಿ, ನಿಂಬೆಹುಳಿ ಬುಟ್ಟಿದ್ದೀನಿ. ಮೂಸ್ಬ್ಯಾಡಿ! ಅದು ಮೂಸೋದಲ್ಲ, ಕಣ್ ಮುಚ್ಕಂಡು ಉಣ್ಣೋದು... ಆಯ್ತು, ಆಯ್ತು, ಪಕ್ಕಕ್ಕಿಡಿ. ನಂಗೂ ಸೇರಲ್ಲ ಅದು.

ಎಲ್ಲಿಗ್ ನೋಡ್ತಿದ್ದೀರಿ? ಹಿತ್ಲಿಗಾ? ಕೊಟ್ಟಿಗೆ ಕಡೆ ಹೋಗ್ಬ್ಯಾಡಿ ಅತ್ತೆ, ಸುಣ್ಣ ಹೊಡ್ದಿದ್ದೀನಿ, ಕಣ್ಣುರೀತದೆ. ಕೈ ಬೇಕಾರೆ ತಟ್ಟೇಲೇ ತೊಳ್ಕಳಿ. ಕೆಂಪಿನಾ? ಕೆಂಪಿ ಮೇಯಕ್ಕೆ ಹೋಗವ್ಳೆ. ಹ್ಞೂಂ, ಇಷ್ಟ್ ಬಿಸ್ಲಲ್ಲಿ. ಅವ್ಳಿಗೂ ಒಸಿ ಗಾಳಿ ಬೆಳ್ಕು ಬ್ಯಾಡ್ವಾ? ಬಾಣಂತಿಗೂ ಕೂಸಿಗೂ ಹಾಲಾಗ್ಲಿ ಅಂತ ನೀವು ಕೊಟ್ಟಿರೋ ಹಸ, ನಾನ್ ಹೆಂಗ್ ನೋಡ್ಕಬೇಕೋ ಹಂಗೇ ನೋಡ್ಕಂಡಿದ್ದೀನಿ. ಆ ವಿಚಾರದಲ್ಲಿ ಮಾತ್ರ ನಂಗೆ ಯಾರೂ ಏನೂ... ಯಾರೂ...

ಏನಾರ ಮಾತಾಡಿ ಅತ್ತೆ.

ಬಯ್ಯಂಗಿದ್ರೆ ಬಯ್ರಿ. ಗುಣಿ ಮಾಡ್ಕಂಡು ಸುಮ್ಕೆ ಕೂತ್ಬುಟ್ರೆ ಹೆಂಗೆ? ಕೈ ಒಣಗ್ತಾ ಐತೆ. ಸಕ್ರೆ ಹಾಕ್ಲಾ ಗುಣಿಗೆ? ಬೆಲ್ಲ? ಬಾಳೆಹಣ್ಣು ಹಿಚುಕ್ಲಾ? ಮಜ್ಜಿಗೆ ಒಂದ್ ಬುಟ್ಟು ಬ್ಯಾರೆ ಏನಾರ ಕೇಳಿ... ಆ ಅನ್ನ ನನ್ನೇ ನೋಡ್ತಾ ಐತೆ ಅತ್ತೆ. ದೇವ್ರಾಣೆಗೂ. ಒಕ್ಕಣ್ಣು ಬುಟ್ಕಂಡು ನನ್ನೇ ನೋಡ್ತಾ ಐತೆ!

ಆಯ್ತು. ಹೇಳ್ತೀನಿ. ಕೆಂಪಿ ಮೇಯಕ್ಕೆ ಹೋಗಿಲ್ಲ.

ಮಾರಿಲ್ಲ! ಹೆತ್ತಮ್ಮನಾಣೆ ಮಾರಿಲ್ಲ. ಸತ್ತಿಲ್ಲ. ನಮ್ಮೂರ ಕರಿಯಪ್ಪನ ಮನೇಲವ್ಳೆ. ನಾನ್ ಕೊಟ್ಟಿಲ್ಲ, ಅವ್ರು ಕೇಳಿಲ್ಲ, ಅವ್ಳೇ ಹೋಗವ್ಳೆ. ಬೆಳಗಾನ ಐದ್ ಗಂಟೆಗೆ ಎದ್ದು ಹಾಲು ಕರೀಬೇಕಲ್ಲ... ನಂಗೆ ಏಳಾಯ್ತದೆ, ಒಂದೊಂದಿನ ಎಂಟು. ಕೆಚ್ಚಲು ಬಿಗ್ದು ಕೂಗ್ಕಳೋಳು ಪಾಪ. ಒಂದಿನ ಹಗ್ಗ ಬಿಚ್ಬುಟ್ಟೆ, ನೀನೇ ಮೇಯ್ಕಂಡು ಬಾವ್ವಾ ಅಂತ. ನೆಟ್ಟಗೆ ಕರಿಯಪ್ಪನ ಹಿತ್ಲಿಗೆ ಹೋಗಿ ನಿಂತ್ಕಂಡವ್ಳೆ! ಅವ್ನೆಂಡ್ತಿ ವೆಂಕಟಲಕ್ಷ್ಮಮ್ಮ ಬೂಸಾ ಕಲ್ಸಿಟ್ಳು. ಮೊದ್ಲೆರಡು ದಿನ ಹೋಗಿ ಹಿಡ್ಕಂಡ್ ಬಂದೆ. ಮೂರ್ನೇ ದಿನ, ಬತ್ತಾಳೆ ಬುಡು, ದಾರಿ ಗೊತ್ತಲ್ಲ ಅಂದ್ಕಂಡೆ. ಕರೂನೂ ಅವಳಿಂದೆ ಹೋಯ್ತು. ಎರಡು ತಿಂಗಳಾಯ್ತು, ಇನ್ನೂ ಬತ್ತಾವ್ಳೆ!

ಅವ್ರು ಒಳ್ಳೇ ಜನ ಅತ್ತೆ. ಹಿಡ್ಕಂಡೋಗಪ್ಪ ಅಂತ ನಾಕ್ ಸತಿ ಹೇಳ್ಕಳ್ಸುದ್ರು. ಚೊಂಬಲ್ಲಿ ಹಾಲು ತಂದ್ಕೊಟ್ರು. ನಮ್ ಹಸೀನ ಹಾಲು ನಮ್ ಬಾಗ್ಲಿಗೆ ಅವ್ರು ತರೋದಾ? ಈಸ್ಕಳಕ್ಕೆ ಮುಖ ಎಲ್ಲೈತೆ? ಬಾಯಿಗ್ ಬಂದಿದ್ದು ಅಂದ್ಬುಟ್ಟೆ: ನಾನೀಗ ವೀಗನ್ ಅಂತ. ಅವ್ರು ಅದ್ಯಾವುದೋ ವ್ರತ ಅನ್ಕಂಡ್ರು. ಊರೆಲ್ಲ ಸುದ್ದಿ. ಬೋರಲಿಂಗಯ್ಯನ ಕಾಫಿ ಅಂಗ್ಡೀಲಿ ನನ್ ಕಂಡ್ರೆ ಕರೀ ಕಾಫಿ ಕೈಗಿಡ್ತಾರೆ, ಕೆಲವ್ರು ಕೈ ಬ್ಯಾರೆ ಮುಗೀತಾರೆ! ಎರಡು ತಿಂಗಳಿಂದ ಒಂದ್ ತೊಟ್ಟು ಮಜ್ಜಿಗೆ ಕಂಡಿಲ್ಲ ಅತ್ತೆ ನಾನು. ಕನ್ಸಲ್ಲಿ ಬತ್ತದೆ. ಸಾಸ್ವೆ ಒಗ್ಗರಣೆ ಹಾಕಿರೋ ಮಜ್ಜಿಗೆ...

ಒಂದ್ ಮಾತು ಕೇಳ್ತೀನಿ, ಕೋಪ ಮಾಡ್ಕಬ್ಯಾಡಿ. ಮನೆ ನೋಡ್ಕಂಡೋಗಿ ಗುರುವಾರ ತಾಯಿ ಮಗೂನ ಕಳ್ಸ್ತೀನಿ ಅಂದಿದ್ರಲ್ಲ... ಕಳ್ಸಲ್ವಾ ಈಗ? ಆ ಮಗೂನ ನಾನು ಎರಡೇ ಸತಿ ಎತ್ಕಂಡಿರೋದು ಅತ್ತೆ. ಎರಡನೇ ಸತಿ ನನ್ ಬೆರಳು ಹಿಡ್ಕಂಡು ಬುಡ್ನೇ ಇಲ್ಲ. ಈ ಮನೇಲಿ ಒಬ್ನೇ ಕೂತು ಬಸ್ಸಾರು ಉಪ್ಸಾರು ಉಂಡು ಉಂಡು ಸಾಕಾಗೋಗೈತೆ.

ಎಡಗೈಲಿ ಏನ್ ತೆಗೀತಿದ್ದೀರಿ ಬ್ಯಾಗಿಂದ? ಕೊಬ್ರಿನಾ?

ಹಗ್ಗ... ಹೊಸ ಹಗ್ಗ. ಗಂಟೆ ಬ್ಯಾರೆ ಕಟ್ಟೈತೆ.

ಕೆಂಪಿಗೆ ಅಂತ ತಂದಿದ್ರಾ? ಇರಿ ಇರಿ... ಬೆಳಗ್ಗೆ ನೀವು ಬಸ್ ಇಳ್ದಿದ್ದು ಕರಿಯಪ್ಪನ ಮನೆ ಮುಂದೇನೇ ಅಲ್ವಾ? ಕೂಗುದ್ಳಾ ನಿಮ್ ಕಂಡು? ಮೈ ಸವರಿ ಬಂದ್ರಾ? ಅಂದ್ರೆ ಎಲ್ಲ ನೋಡ್ಕಂಡೇ ಬಂದು... ಕರುಳು, ಕರು, ಕಡ್ಲೆಬೀಜ ಅಂತ ನಾನ್ ಬಡ್ಕತಿದ್ದಿದ್ದೆಲ್ಲ ಕೇಳ್ಕಂಡು ಸುಮ್ಕೆ ಕೂತಿದ್ರಾ ಅತ್ತೆ!

ನನ್ ಮುಂದಕ್ಯಾಕ್ ತಳ್ಳುದ್ರಿ ಹಗ್ಗಾವ? ಇದು ಕೆಂಪಿಗಾ... ನಂಗಾ?

ಗೊತ್ತಾಯ್ತು. ಹೋಗ್ತೀನಿ. ಈಗ್ಲೇ ಹೋಗ್ತೀನಿ, ಚಪ್ಲಿ ಎಲ್ಲಿ... ಬ್ಯಾಡ, ಬರಿಗಾಲಲ್ಲೇ ಹೋಯ್ತೀನಿ. ಬರೋವಾಗ ವೆಂಕಟಲಕ್ಷ್ಮಮ್ಮನ ಕೈಲಿ ಒಂದ್ ಚೊಂಬು ಮಜ್ಜಿಗೆ ಈಸ್ಕಂಬತ್ತೀನಿ. ಗುರುವಾರದ್ದು ಈಗೇನೂ ಹೇಳ್ಬ್ಯಾಡಿ, ಉಂಡ್ಮೇಲೆ ಹೇಳಿ. ಆದ್ರೆ ಅತ್ತೆ, ದಮ್ಮಯ್ಯ... ನಾನ್ ಬರೋಗಂಟ ಕೈ ತೊಳೀಬ್ಯಾಡಿ.