ಕತ್ತಲ ಖೋಲಿಯ ಸಸಿ

ದೀಪ ಆರಿಸಬ್ಯಾಡ್ರಿ, ಇರಲಿ. ಇದು ಕಟ್ಟಿದ ಕತಿ ಅಲ್ಲ. ಹೋದ ವರ್ಷ ತೆಲುಗು ಸೀಮಿ ತಾರ್ನಾಕದಾಗ ನಮ್ಮ ದೊಡ್ಡಪ್ಪನ ಮಗಳು ದಾನೇಶ್ವರಿಗೆ ಆಗಿದ್ದು.

ಆಕಿ ಗಿಡದ ಮ್ಯಾಲೆ ಪಿಎಚ್‌ಡಿ ಮಾಡಾಕತ್ತಾಳ. ಸಸಿ ಬೆಳಕಿನ ಕಡೆ ಯಾಕ ಬಾಗತೈತಿ, ಆ ಸುದ್ದಿ ಜೀವಕೋಶದಿಂದ ಜೀವಕೋಶಕ್ಕ ಹ್ಯಾಂಗ ಮುಟ್ಟತೈತಿ... ಇದೇ ಆಕಿ ಕೆಲಸ. ಬೆಳಕು ಯಾವ ಕಡೆ ಅಂತ ತಿಳಿಯದ, ಬೆಳಕಿಗೆ ಬಾಗದ ಒಂದು ಕುರುಡು ತಳಿ ಇತ್ತು. ಅದನ್ನ ಬೆಳಿಸಿದಾಂವ ಆಕಿ ಸೀನಿಯರ್, ಬೀದರದ ಕೌಸ್ತುಭ. ಪಾಪ, ಡೆಂಗಿ ಜ್ವರ ಬಂದು ತೀರಿಕೊಂಡ. ಉಳಿದಿದ್ದು ನಲವತ್ತು ಬೀಜ. ಅವನ್ನ ಕತ್ತಲ ಖೋಲಿಯೊಳಗ ಬಿತ್ತಿದ್ಲು, ಪಕ್ಕದಾಗ ಮಾಮೂಲಿ ಸಸಿ. ಐದು ದಿನ ಒಂದು ಚೂರೂ ಬೆಳಕು ತಾಗಬಾರದು. ತಾಗಿದ್ರ ಮೂರು ವರ್ಷದ ದುಡಿಮಿ ನೀರಾಗ ಹೋಮ ಮಾಡಿದಂಗ.

ಐದನೇ ರಾತ್ರಿ ಹಾಸ್ಟೆಲಿಗೆ ಹೊಂಟಿದ್ಲು. ದಾರಿಯಾಗಿನ ಹಾಳು ಬಾವಿ ದಾಟಿದಳು... ತಟ್ಟನ ನಿಂತಳು. ಫೋನ್ ಆ ಖೋಲಿಯೊಳಗ ಬಿಟ್ಟು ಬಂದಾಳ! ಹನ್ನೊಂದಕ್ಕ ಅಲಾರಂ. ಪರದೆ ಬೆಳಗತೈತಿ.

ಓಡಿದಳು. ವಾಚ್‌ಮನ್ ಬೂದೆಪ್ಪ ಚಾವಿ ಹಿಡಕೊಂಡು ಹಿಂದ ಬಂದ. ಆ ಖೋಲಿಗೊಂದು ಪದ್ಧತಿ ಐತಿ. ಬಾಗಲಾ ಎರಡು ಸಲ ಬಡೀಬೇಕು, ಒಳಗ ಯಾರರ ಇದ್ರ ಓಗೊಡಬೇಕು. ಹೊರಗ ಹಾಕಿದ ಕೀಲಿ ಜೋತಾಡತಿತ್ತು, ಅಂದ್ರ ಒಳಗ ಯಾರೂ ಇಲ್ಲ. ಆದ್ರೂ ರೂಢಿ ನೋಡ್ರಿ, ಬಡಿದಳು. ಟಕ್... ಟಕ್.

"ಒಳಗ ಅದೀನಿ, ದಾನು." ಭಾಳ ಮೆಲ್ಲಗ. "ಬಾಗಲಾ ತಗೀಬ್ಯಾಡ. ಫೋನ್ ಬಂದ್ ಮಾಡೀನಿ."

ಕನ್ನಡದಾಗ! ಈಗ ಆ ಲ್ಯಾಬಿನಾಗ ಓದೋರೊಳಗ ಕನ್ನಡ ಬರೋದು ಆಕಿ ಒಬ್ಬಾಕಿಗೆ.

"ಒಳಗ ಯಾರ್ರಿ ಅಕ್ಕಾರ?" ಬೂದೆಪ್ಪ ಪಿಸುಗುಟ್ಟಿದ. "ಕೀಲಿ ನಾನ ಹಾಕೀನಲ್ರಿ."

"ಸುಮ್ನಿರ್ರಿ."

ಹನ್ನೊಂದಾತು. ಅಲಾರಂ ಹೊಡೀಲಿಲ್ಲ. ಒಳಗ ಸ್ಟೂಲ್ ಸರಿದ ಸಪ್ಪಳ... ಕಿರ್‌ರ್... ಆಮ್ಯಾಲೆ ಏನಿಲ್ಲ. ದಾನೇಶ್ವರಿ ಅಳಾಕತ್ತಿದ್ಲು. ಹೆದರಿಕಿಗಲ್ಲ ಅಂತಾಳ.

ಮುಂಜಾನೆ ನಾಕು ಮಂದಿ ಕೂಡಿ ಬಾಗಲಾ ತೆಗೆದ್ರು. ಫೋನ್ ಬಲಗಡೆ ಕಪಾಟಿನ ಮ್ಯಾಲೆ, ಬಂದ್ ಆಗಿತ್ತು. ಬ್ಯಾಟರಿ ತುಂಬ ಇತ್ತು. ಮಾಮೂಲಿ ಸಸಿ ಎಲ್ಲಾ ಎಡಕ್ಕ ಬಾಗಿದ್ವು, ಖಾಲಿ ಸ್ಟೂಲಿನ ಕಡೆ. ಎಲ್ಲೋ ಬೆಳಕು ನುಸುಳೈತಿ ಅಂದ್ರಂತ ಆಕಿ ಗೈಡ್. ಪ್ರಯೋಗ ಕೆಟ್ಟಿತು ಅಂತ ಬರೆದು ಕೈ ತೊಳಕೊಂಡ್ರು.

ಅನ್ಲಿ ಬಿಡ್ರಿ. ನಾ ಫೋಟೋ ಕಣ್ಣಾರೆ ನೋಡೀನಿ, ಆಣಿ ಮಾಡಿ ಹೇಳತೀನಿ. ಆ ಕುರುಡು ಸಸಿ ಇದ್ವಲ್ಲ... ನಲವತ್ತೂ ಎಡಕ್ಕ ಬಾಗಿದ್ವು.