ಪೈಪಿನ ಬೆವರು

ಸುರಿಯೋದಲ್ಲ ಅಕ್ಕಾ, ಹೊಡೆಯುತ್ತೆ! ನಲ್ಲಿ ನೀರು ಅಂದ್ಕೊಂಡ್ಯಾ? ಸಮುದ್ರದ ಇನ್ನೂರು ಮೀಟರ್ ಆಳದಲ್ಲಿ ಸಬ್‌ಮರೀನ್‌ಗೆ ಸೂಜಿಮೊನೆಯಷ್ಟು ಸಂದಿ ಸಾಕು, ಕಬ್ಬಿಣದ ಸಲಾಕೆ ಥರ ನುಗ್ಗುತ್ತೆ. ಅದು ಸೀದಾ ಭಾವನ ಮುಖಕ್ಕೇ... ಕೂತ್ಕೋ. ಕೂತ್ಕೋ ಅಕ್ಕಾ, ಇಲ್ಲಿ ಬೆಂಚಿದೆ. ಡಾಕ್ಟರ್ ಹೇಳಿದ್ದು ನನಗೂ ಕೇಳಿಸ್ತು. ಎರಡು ಕಣ್ಣಿಗೂ ಇನ್ನು ದೃಷ್ಟಿ ಬರಲ್ಲ ಅಂದ್ರು. ಜೀವ ಉಳೀತಲ್ಲ ಅಂತ... ಸರಿ, ಅನ್ನಲ್ಲ. ಅನ್ನಲ್ಲ ಬಿಡು.

ಮೊದಲಿಂದ ಹೇಳ್ಬೇಕಾ? ಮೂರು ದಿನದಿಂದ ಅಧಿಕಾರಿಗಳಿಗೆ ಹೇಳಿ ಹೇಳಿ ಸಾಕಾಗಿದೆ ಕಣೇ... ಆಯ್ತು, ಹೇಳ್ತೀನಿ.

ಸಬ್‌ಮರೀನ್ ಇಳೀತಾ ಇಳೀತಾ ಮೈ ಕುಗ್ಗಿಸ್ಕೊಳ್ಳುತ್ತೆ. ನಿಜವಾಗ್ಲೂ! ಈ ಗೋಡೆಯಿಂದ ಆ ಗೋಡೆಗೆ ಬಿಗಿಯಾಗಿ ದಾರ ಕಟ್ಟಿದ್ರೆ, ಕೆಳಗೆ ಹೋಗೋ ಹೊತ್ತಿಗೆ ಜೋತು ಬಿದ್ದಿರುತ್ತೆ. ಉಕ್ಕು ನರಳುತ್ತೆ. ಹೊರಗೆ ಕೊರೆಯೋ ಚಳಿ, ಒಳಗೆ ನಲವತ್ತು ಜನರ ಉಸಿರು... ಎಲ್ಲ ಪೈಪೂ ಬೆವರುತ್ತೆ. ಒಂದೆರಡು ಹನಿ ಬಿದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ.

ಭಾವನ ಹಾಸಿಗೆ ಮೇಲೇ ಸಮುದ್ರದ ನೀರಿನ ಪೈಪು. 'ಏನಯ್ಯಾ ಇದು, ದಿಂಬೆಲ್ಲ ಒದ್ದೆ' ಅಂದ್ರು. ಪೈಪಿನ ಕೆಲಸ ನಂದಲ್ವಾ, ಹೋಗಿ ನೋಡ್ದೆ. ಬರೀ ಬೆವರು ಭಾವ, ಮಲಕ್ಕೊಳ್ಳಿ ಅಂದೆ. 'ಹೋಗ್ಲಿ, ನಿಮ್ಮಕ್ಕನ ಗೊರಕೆಗಿಂತ ಇದೇ ವಾಸಿ' ಅಂತ ದಿಂಬು ತಿರುಗಿಸಿ ಮಲಗಿದ್ರು. ನೋಡು, ನಕ್ಕೆ ನೀನು!

ಆಮೇಲೆ ಕ್ಯಾಪ್ಟನ್ ಇನ್ನೂ ಐವತ್ತು ಮೀಟರ್ ಇಳಿಸಿದ್ರು. ಆ ಪೈಪಿನ ಜಾಯಿಂಟು ಬಿಟ್ಕೊಂಡ್ತು. ತೆವಳ್ಕೊಂಡು ಹೋಗಿ ವಾಲ್ವ್ ಮುಚ್ಚಿದ್ದು ನಾನೇ... ಯಾರಿಗೆ ಗೊತ್ತಾಗುತ್ತೆ ಹೇಳು? ಬೆವರೂ, ಸೋರೋ ಸಮುದ್ರದ ನೀರೂ ಕಣ್ಣಿಗೆ ಒಂದೇ ಥರ. ನಾಲಿಗೆಗೆ ಹಚ್ಚಿದ್ರೇನೇ ಗೊತ್ತಾಗೋದು. ಪೈಪಿನ ಬೆವರು ಸಪ್ಪೆ. ಅದು ಉಪ್ಪುಪ್ಪು, ಗಂಟಲು ಕೆರೆಯುತ್ತೆ, ಎಷ್ಟು ಉಗಿದ್ರೂ ಹೋಗಲ್ಲ, ಅವತ್ತಿಡೀ...

ಯಾಕೆ ಹಂಗೆ ನೋಡ್ತೀಯಾ?

ಅಕ್ಕಾ. ಬೈಯಿ ಬೇಕಾದ್ರೆ.

...ಹೂಂ. ನೆಕ್ಕಿ ನೋಡಿದ್ದೆ. ಉಪ್ಪಿತ್ತು.

ಹೋದ ಸಲ ಸೋರ್ತಿದೆ ಅಂತ ಕೂಗಾಡಿ ಸಬ್‌ಮರೀನ್ ಮೇಲೆತ್ತಿಸಿದ್ದೆ. ನೋಡಿದ್ರೆ ಬರೀ ಬೆವರು. ತಿಂಗಳುಗಟ್ಟಲೆ ಆಡ್ಕೊಂಡು ನಕ್ರು ಎಲ್ಲರೂ. ಈ ಸಲ ಬಂದರಿಗೆ ಒಂದೇ ದಿನ ಇತ್ತು ಅಕ್ಕಾ, ಅಲ್ಲಿಗೆ ಹೋಗಿ ಬಿಗಿ ಮಾಡಿದ್ರಾಯ್ತು ಅಂತ... ಉಪ್ಪಿತ್ತು ಅನ್ನೋದನ್ನ ಅಧಿಕಾರಿಗಳಿಗೂ ಹೇಳಿಲ್ಲ. ಯಾರಿಗೂ ಹೇಳಿಲ್ಲ.

ಕೇಳಿಸ್ತಾ? ಭಾವ ಎದ್ದಿದಾರೆ. ಕರೀತಿದಾರೆ... ನನ್ನನ್ನೇ.

ನೀನು ಹೇಳ್ತೀಯಾ ಅಕ್ಕಾ, ಇಲ್ಲಾ ನಾನೇ ಹೇಳ್ಲಾ?