ಕಲ್ಯಾಣಿ ಡಾಕ್ಟರ ಕೊಟ್ಟ ಚೀಟಿ

ಹಲೋ... ಹಲೋ, ಯಾರು ಮಾತಾಡಾಕತ್ತೀರಿ? ಮೆಡಿಕಲ್ ಹಾಸ್ಟೆಲಿನ ಅಬ್ದುಲ್ ಕರೀಂ ಸಾಬ್ರಾ? ನಾ ಅಂಬಾದಾಸ ರೀ, ಹುಮನಾಬಾದ ಡಾಕಖಾನಿಯಿಂದ. ನಮ್ಮ ಮಚ್ಚೇಂದ್ರಗ ಜರಾ ಕರೀರಿ. ಜಲ್ದಿ ರೀ, ಲಡಾಯಿ ದಿನ, ಮೂರೇ ಮಿನಿಟು ಲೈನು ಕೊಟ್ಟಾರ.

...

ಮಚ್ಚೇಂದ್ರ? ಹಾಂ, ನಾನೇ. ನಿಮ್ಮವ್ವ ಆರಾಮ ಅದಾಳ. ನೀ... ಊಟ ಆಯ್ತಾ?

...

ಇಲ್ಲೋ, ಅದು ಕೇಳಾಕ ಫೋನ್ ಮಾಡಿಲ್ಲ. ಹೌಸ್ ಸರ್ಜನ್ ಜಾಗಾದ ಅರ್ಜಿ... ಇವತ್ತೇ ಅಖೇರಿ ದಿನ, ಹೌದಲ್ಲ?

...

ಏನಂದಿ? ನನ್ನ ಅರ್ಜಿ ನೀನೇ ಕೊಟ್ಟಿ? ಬಿಸಲಾಗ ಸಾಲು ಹಚ್ಚಿ? ರಸೀದಿನೂ ತಗೊಂಡಿ?... ನನ್ನದಕ್ಕ ಬೀದರ ಡಾಕ್ಟರ ಶಿಫಾರಸು ಚೀಟಿ ಇತ್ತು. ನಿನ್ನದು?

...

ಹಾಂ. ಡಾಕ್ಟರ ಚೀಟಿ ಇಲ್ದ ತಗೊಳ್ಳಾಂಗಿಲ್ಲ ಅಂದ್ರಾ... ಹೌದು, ನಾನೇ ನಿನಗ ಬರದಿದ್ದೆ, ಕಲ್ಯಾಣಿ ಡಾಕ್ಟರು ಊರಾಗ ಇಲ್ಲಂತ.

...

ಅವರಿಗೆ ಬೈಬ್ಯಾಡೋ! ಕೇಳು. ಅವರು ಊರಾಗೇ ಇದ್ರು. ನಿನಗ ಕಳಸಂತ ನನ್ನ ಕೈಯಾಗ ಚೀಟಿ ಕೊಟ್ಟು ಹತ್ತು ದಿನ ಆತು. ನನ್ನ ಕೋಟಿನ ಕಿಸೆದಾಗೇ ಅದ.

...

...

ಹೌದೋ, ಬೇಕಂತಲೇ ಕಳಸಲಿಲ್ಲ.

...

ಯಾಕಂದ್ರ... ಲಕೋಟಿಗೆ ಅಂಟು ಹಚ್ಚಿರಲಿಲ್ಲ, ಓದಿಬಿಟ್ಟೆ. ಇರೋದು ಒಂದೇ ಜಾಗಾ, ನಾವಿಬ್ಬರು. ಹೊಟ್ಟಿಕಿಚ್ಚು ಬಂತು. ಹತ್ತು ದಿನ ಉಂಡ ರೊಟ್ಟಿ ಮೈಗೆ ಹತ್ತಿಲ್ಲ. ಬೇಕಾದಷ್ಟು ಬೈ. ಆದ್ರ ಅರ್ಜಿ ತಗೊಳ್ಳೋ ಮುನ್ಷಿ ಏನಂದಾನ, ಅದು ಹೇಳು ಮೊದಲ.

...

ಇವತ್ತು ನಕಲು ಕೊಟ್ರ ಅಸಲು ಶುಕ್ರವಾರ ಬಂದ್ರೂ ನಡೀತದ? ಹಂಗಾರ ಪೆನ್ಸಿಲ್ ತಗೋ, ಓದ್ತೀನಿ. ಅಸಲು ಈಗೇ ಇಲ್ಲೇ ರಜಿಸ್ಟ್ರಿ ಮಾಡ್ತೀನಿ.

...

ಬರಕೋ. ‘ಇಬ್ಬರೂ ರಜೆಯಲ್ಲಿ ನನ್ನ ದವಾಖಾನೆಯಲ್ಲಿ ಕೆಲಸ ಮಾಡಿದ್ದಾರೆ. ಕೊಹಿನೂರ ಹಳ್ಳಿಯ ಸರುಬಾಯಿಯ ತೊಡೆಯ ಗಡ್ಡೆ ತೆಗೆಯುವಾಗ ರಕ್ತ ಚಿಮ್ಮಿತು. ಮಚ್ಚೇಂದ್ರ ರಕ್ತನಾಳವನ್ನು ಒತ್ತಿ ಹಿಡಿದ. ಅವನ ಕೈ ನಡುಗಲಿಲ್ಲ.’ ಆಯ್ತಾ? ಮುಂದ... ‘ಅಂಬಾದಾಸ ಹೊರಗೆ ಓಡಿದ.’

...

ಆ ಸಾಲು ಯಾಕ ಬಿಡ್ತಿ? ಬಿಡಬ್ಯಾಡ!

...

ನನ್ನ ಅರ್ಜಿ ಹಾಳಾದ್ರ ಆಗಲಿ! ಡಾಕ್ಟರು ಬರದದ್ದು ಇದ್ದಂಗ ಬರಿ. ಅಂಬಾದಾಸ, ಹೊರಗೆ, ಓಡಿದ. ಬರದ್ಯಾ?

...

ಏ, ಇನ್ನೊಂದು ಮಿನಿಟು ರೀ, ಕಟ್ ಮಾಡಬ್ಯಾಡ್ರಿ! ಮಚ್ಚೇಂದ್ರ, ಓದಿ ತೋರಸು. ಹಲೋ? ನನ್ನ ಹೆಸರು ಬರದ್ಯಾ ಇಲ್ಲೋ? ಹಲೋ... ಹಲೋ...